ಬಿಸ್ಕಿಟ್ ಡಬ್ಬಿಯಲ್ಲಿ ಇಪ್ಪತ್ತೆರಡು ಡ್ಯಾಂಪರ್

ಕುಮಟಾ ಬಸ್ ಸ್ಟ್ಯಾಂಡಿನ ಹಿಂದೆ, ಸೈಕಲ್ ಅಂಗಡಿಗೂ ಝೆರಾಕ್ಸ್ ಅಂಗಡಿಗೂ ನಡುವೆ ಸಿಕ್ಕಿಕೊಂಡಿರುವ ಮಾಬ್ಲೇಶ್ವರ ಆಚಾರಿಯ ಅಂಗಡಿಗೆ ಬೋರ್ಡಿಲ್ಲ. ಬೇಕಾಗಿಯೂ ಇಲ್ಲ. ಭಟ್ಕಳದಿಂದ ಈಚೆ ಯಾವ ಭಜನಾ ಮಂಡಳಿಯ ಹಾರ್ಮೋನಿಯಂ ಉಸಿರು ಬಿಟ್ಟರೂ, ಯಾವ ಮೇಳದ ಶ್ರುತಿಪೆಟ್ಟಿಗೆ ಕೆಮ್ಮಿದರೂ ಅದು ಕೊನೆಗೆ ಬಂದು ಕೂರುವುದು ಅವನ ಹಲಗೆಯ ಮೇಲೆಯೇ. ತಂದೆ ದಾಸ ಆಚಾರಿ ತದಡಿಯಲ್ಲಿ ದೋಣಿ ಕೆಲಸ ಮಾಡುತ್ತಿದ್ದವನು. ಮಗನಿಗೆ ನೀರು ಕಂಡರೆ ತಲೆ ತಿರುಗುತ್ತದೆ ಎಂಬ ಒಂದೇ ಕಾರಣಕ್ಕೆ ಅವನನ್ನು ಹುಬ್ಬಳ್ಳಿಯ ಒಬ್ಬ ಹಾರ್ಮೋನಿಯಂ ಪೆಟ್ಟಿಗೆ ರಿಪೇರಿಯವನ ಬಳಿ ಬಿಟ್ಟು ಬಂದಿದ್ದ. ನಾಲ್ಕು ವರ್ಷ ಕಲಿತು ವಾಪಸು ಬಂದ ಮಾಬ್ಲೇಶ್ವರನಿಗೆ ಈಗ ಐವತ್ತೆಂಟು.

ಅವನ ಬಾಯಿಂದ 'ಇದು ನಂಗೆ ಬರೂದಿಲ್ಲ' ಎಂಬ ಮಾತನ್ನು ಅಂಗಡಿಯ ಮೂವತ್ತಾರು ವರ್ಷಗಳಲ್ಲಿ ಯಾರೂ ಕೇಳಿರಲಿಲ್ಲ. ಊರಿನವರು ಅದನ್ನು ಅವನ ದೊಡ್ಡಸ್ತಿಕೆ ಎಂದುಕೊಂಡಿದ್ದರು. ನನ್ನನ್ನು ಕೇಳಿದರೆ ಅದೊಂದು ಕಾಯಿಲೆ. ಗೊತ್ತಿಲ್ಲ ಎಂದು ಹೇಳಿದರೆ ಎಲ್ಲಿ ಮರ್ಯಾದೆ ಹೋಗಿಬಿಡುತ್ತದೋ ಎಂದು ಹೆದರುವವರಿಗೆ ಬರುವ ಕಾಯಿಲೆ. ಆ ಕಾಯಿಲೆಯಿಂದಲೇ ಅವನು ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ ಹೊನ್ನಾವರದ ನರ್ಮದಾ ಟೀಚರ ಮನೆಗೆ ಪಿಯಾನೋ ರಿಪೇರಿಗೆ ಹೋದ. ಪಿಯಾನೋದ ಹೊಟ್ಟೆಯನ್ನು ಅದುವರೆಗೆ ಅವನು ಕಂಡೇ ಇರಲಿಲ್ಲ.

ನರ್ಮದಾ ಟೀಚರು ಶಾಲೆಯಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದವರು. ನಿವೃತ್ತಿಯಾಗಿ ಹದಿನಾರು ವರ್ಷ. ಚಿಕ್ಕವರಿದ್ದಾಗ ಕಾನ್ವೆಂಟಿನ ಒಬ್ಬ ಸಿಸ್ಟರ್ ಬಳಿ ಪಿಯಾನೋ ಕಲಿತಿದ್ದರು. ಅರಣ್ಯ ಇಲಾಖೆಯಲ್ಲಿ ಗುಮಾಸ್ತರಾಗಿದ್ದ ಗಂಡ, ಯಾವುದೋ ಹಳೆಯ ಬಂಗಲೆಯ ಸಾಮಾನು ಹರಾಜಿಗೆ ಬಂದಾಗ, ಅಲ್ಲಿದ್ದ ನೂರು ವರ್ಷ ಮೀರಿದ ಪಿಯಾನೋವನ್ನು ಕೂಗಿ ಹಿಡಿದು, ಮರದ ನಾಟಾ ಸಾಗಿಸುವ ಲಾರಿಯಲ್ಲಿ ಹೇರಿಸಿಕೊಂಡು ಬಂದರು. ಹೆಂಡತಿಗೆ ಒಂದು ಸೀರೆ ತರಲೂ ಹತ್ತು ಸಲ ಯೋಚಿಸುತ್ತಿದ್ದ ಮನುಷ್ಯ ಇದೊಂದು ಹುಚ್ಚು ಮಾಡಿದ್ದಕ್ಕೆ ಟೀಚರು ಅವರ ಉಳಿದ ತಪ್ಪುಗಳನ್ನೆಲ್ಲ ಮಾಫಿ ಮಾಡಿದ್ದರಂತೆ. ಗಂಡ ಈಗಿಲ್ಲ. ಅಣ್ಣನ ಮಗಳು ಸುಚಿತಾ ಹೊನ್ನಾವರದಲ್ಲೇ ಬ್ಯಾಂಕ್ ಕೆಲಸದಲ್ಲಿದ್ದು ಅತ್ತೆಯ ಜೊತೆಗಿದ್ದಾಳೆ. ದಿನಾ ಬೆಳಿಗ್ಗೆ ತಿಂಡಿಗೆ ಮೊದಲು ಒಂದು ತಾಸು ಪಿಯಾನೋ ಬಾರಿಸುವುದು, ಸಂಜೆ ನಾಲ್ಕೈದು ಮಕ್ಕಳಿಗೆ ಪಾಠ. ಇದು ಟೀಚರ ನೇಮವಾಗಿತ್ತು.

ಆ ಮಳೆಗಾಲದಲ್ಲಿ ನಡುವಿನ ಮನೆಗಳು, ಅಂದರೆ ಬೆರಳಿಡುವ ಬಿಳಿ ಕರಿ ಪಟ್ಟಿಗಳು, ಒತ್ತಿದರೆ ನಾದ ಬರದೆ ಬರೀ 'ಠಕ್' ಎನ್ನತೊಡಗಿದವು. ಮಾಬ್ಲೇಶ್ವರ ಮುಂದಿನ ಹಲಗೆ ಬಿಚ್ಚಿ ಒಳಗೆ ಟಾರ್ಚು ಬಿಟ್ಟ. ತಂತಿಗಳ ಮೇಲೆ ಸಾಲಾಗಿ, ಉಣ್ಣೆಯ ಫೆಲ್ಟ್ ಅಂಟಿಸಿದ ಪುಟ್ಟ ಮರದ ತುಂಡುಗಳು ಒತ್ತಿ ಕೂತಿದ್ದವು. ಅವೇ ಡ್ಯಾಂಪರ್. ಆಗ ಅವನಿಗೆ ಆ ಹೆಸರೂ ಗೊತ್ತಿರಲಿಲ್ಲ. ಮಳೆಯ ಥಂಡಿಗೆ ಅವುಗಳ ಕೀಲು ತುಕ್ಕು ಹಿಡಿದು, ಮೇಲೇಳಬೇಕಾದವು ಏಳದೆ, ತಂತಿಯ ಬಾಯಿ ಮುಚ್ಚಿ ಹಿಡಿದಿದ್ದವು. ಬಿಡಿಸಲು ಹೋದ. ಒಂದು ಮುರಿಯಿತು. ಮೆಲ್ಲಗೆ ಎಂದುಕೊಂಡು ಇನ್ನೊಂದಕ್ಕೆ ಕೈ ಹಾಕಿದ, ಅದೂ ಮುರಿಯಿತು. ಐದು ಮುರಿಯುವಷ್ಟರಲ್ಲಿ ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಆಗ ಅವನ ಬುದ್ಧಿ ಚುರುಕಾಗಿ ಕೆಲಸ ಮಾಡಿತು. ಪಿಯಾನೋದ ಬಲತುದಿಯ ಸಣ್ಣ ತಂತಿಗಳಿಗೆ ಈ ತುಂಡುಗಳೇ ಇಲ್ಲ ಎಂಬುದು ಕಣ್ಣಿಗೆ ಬಿತ್ತು. ಅಲ್ಲಿ ಇಲ್ಲದೆಯೂ ನಡೆಯುತ್ತದೆ ಎಂದಮೇಲೆ ಇಲ್ಲಿ ಮಾತ್ರ ಯಾಕೆ ಬೇಕು? ಹಾರ್ಮೋನಿಯಂ ಬಲ್ಲವನ ತರ್ಕ ಅದು. ಹಾರ್ಮೋನಿಯಂನಲ್ಲಿ ಬೆರಳು ತೆಗೆದರೆ ಗಾಳಿ ನಿಲ್ಲುತ್ತದೆ, ಗಾಳಿ ನಿಂತರೆ ನಾದ ನಿಲ್ಲುತ್ತದೆ. ನಾದವನ್ನು ಹುಟ್ಟಿಸಲು ಇಷ್ಟೆಲ್ಲ ಸಾಮಾನು ಇರುವಂತೆ, ಅದನ್ನು ನಿಲ್ಲಿಸಲೂ ಪ್ರತ್ಯೇಕ ಸಾಮಾನು ಬೇಕಾದೀತು ಎಂಬುದು ಅವನಿಗೆ ಹೊಳೆಯಲಿಲ್ಲ. ಉದ್ದದ ತಂತಿ ಹೊಡೆತ ತಿಂದಮೇಲೂ ಬಹಳ ಹೊತ್ತು ಗುಂಯ್‌ಗುಡುತ್ತದೆ, ಸಣ್ಣ ತಂತಿ ತಾನೇ ಸುಮ್ಮನಾಗುತ್ತದೆ, ಅಷ್ಟೇ ವ್ಯತ್ಯಾಸ. ಐದನ್ನೇ ತೆಗೆದರೆ ಒಂದು ಕಡೆ ಒಂದು ತರ ಕೇಳೀತು ಎಂದು ನಡುವಿನ ಇಪ್ಪತ್ತೆರಡನ್ನೂ ಬಿಚ್ಚಿ, ಪೇಪರಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡ.

ಟೀಚರು ಬಂದು ಒಂದು ಮನೆ ಒತ್ತಿದರು. ನಾದ ಇಡೀ ಕೋಣೆ ತುಂಬಿತು. "ಅಯ್ಯೋ, ಎಷ್ಟು ದೊಡ್ಡ ಧ್ವನಿ ಬಂತಾ ಮಾಬ್ಲೇಶ್ವರ! ಮೊದ್ಲು ತಂದಾಗ್ಲೂ ಹೀಂಗೆ ಇರ್ಲಿಲ್ಲ," ಎಂದರು. ಅವರ ಕಣ್ಣಂಚು ಒದ್ದೆಯಾಗಿತ್ತು. ಅವನು ತೆಗೆದ ತುಂಡುಗಳ ಸುದ್ದಿ ಎತ್ತಲಿಲ್ಲ. ಮುರಿದದ್ದನ್ನಂತೂ ಮೊದಲೇ ಎತ್ತಲಿಲ್ಲ. ಕಾಫಿ ಕುಡಿದು ಬಸ್ಸು ಹತ್ತಿದ.

ಮೂರು ತಿಂಗಳ ಮೇಲೆ ಟೀಚರ ಫೋನ್ ಬಂತು. "ಮಾಬ್ಲೇಶ್ವರ, ಮೊದ್ಲು ದೊಡ್ಡ ಧ್ವನಿ ಅಂತ ಖುಷಿ ಆಗಿತ್ತು, ಈಗ ಸ್ವರ ಎಲ್ಲಾ ಒಂದ್ರ ಮೇಲೊಂದು ಹತ್ಕಂಡು ಕಲಸಿ ಹೋಗ್ತು. ಕಾಲಲ್ಲಿ ಒತ್ತೋ ಪೆಡಲ್ ಗಿಡಲ್ ಸಿಕ್ಕಂಡದ್ಯಾ ಏನ?"

ಆ ಹೊತ್ತಿಗೆ ಅಂಗಡಿಯಲ್ಲಿ ನಾಲ್ಕು ಗಿರಾಕಿ. ಎಲ್ಲರೂ ಕೇಳುತ್ತಿದ್ದರು. "ಪೆಟ್ಟಿಗೆಲಿ ಎಂತದೂ ಇಲ್ಲ ಅಮ್ಮ. ನಾನೇ ಕೈಯಾರೆ ನೋಡಿದ್ದು," ಎಂದ. ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ಗಿರಾಕಿಗಳ ಮುಂದೆ ನಾಲಿಗೆ ಸುಮ್ಮನಿರದೆ, "ನಿಮ್ಮ ಕಿವಿಗೂ ವಯಸ್ಸಾತೇನ ನೋಡಿ," ಎಂದು ನಕ್ಕ. ಅತ್ತಲಿಂದ ಟೀಚರೂ ನಕ್ಕು ಫೋನಿಟ್ಟರು.

ಮತ್ತೂ ಒಂದು ವರ್ಷ ಕಳೆದ ಮೇಲೆ, ಯಾವುದೋ ಶಾಲೆಯ ಕೀಬೋರ್ಡ್ ರಿಪೇರಿ ಕಲಿಯಲು ಫೋನಿನಲ್ಲಿ ವಿಡಿಯೋ ಹುಡುಕುತ್ತಿದ್ದಾಗ, ಒಬ್ಬ ಮುದುಕ ಹಳೆಯ ಪಿಯಾನೋ ಬಿಚ್ಚಿ ಕೂತಿದ್ದ ವಿಡಿಯೋ ಅವನೆದುರು ಬಂದು ನಿಂತಿತು. ಮುದುಕ ಒಂದು ಮರದ ತುಂಡನ್ನು ಬೆರಳಿನಿಂದ ತಂತಿಯಿಂದ ಆಚೆ ಸರಿಸಿ ಮನೆ ಒತ್ತಿದ. ನಾದ ಹೋಗುತ್ತಲೇ ಇತ್ತು. ತುಂಡನ್ನು ಬಿಟ್ಟ, ನಾದ ಅಲ್ಲೇ ಕಡಿದು ನಿಂತಿತು. ಮಾಬ್ಲೇಶ್ವರನಿಗೆ ಆ ಭಾಷೆ ಒಂದಕ್ಷರ ತಿಳಿಯಲಿಲ್ಲ, ಆದರೆ ವಿಷಯ ಪೂರ್ತಿ ತಿಳಿಯಿತು. ಆ ವಿಡಿಯೋವನ್ನು ಅವನು ಹನ್ನೊಂದು ಸಲ ನೋಡಿದ. ಪ್ರತಿ ಸಲವೂ ಬೇರೆ ಏನಾದರೂ ಕಂಡೀತೇನೋ ಎಂಬ ಆಸೆಯಿಂದ.

ಮುಂಬೈಗೆ ಫೋನ್ ಮಾಡಿ ಡ್ಯಾಂಪರಿನ ದಪ್ಪ ಫೆಲ್ಟ್ ತರಿಸಿದ. ಕೊರಿಯರ್ ಬಂತು. ಆ ಕಟ್ಟನ್ನು ಬಿಚ್ಚಲಿಲ್ಲ. ಬಿಚ್ಚಿ ತಂದ ತುಂಡುಗಳನ್ನು ಹಾಕಿಟ್ಟಿದ್ದ ಬಿಸ್ಕಿಟ್ ಡಬ್ಬಿಯ ಮೇಲೆ ಅದನ್ನಿಟ್ಟು ಕಪಾಟಿನ ಬಾಗಿಲು ಹಾಕಿದ. ಮುಂದಿನ ವಾರ ಹೋದರಾಯಿತು. ಮಳೆ ನಿಂತ ಮೇಲೆ ಹೋದರಾಯಿತು. ಚೌತಿ ಕಳೆಯಲಿ. ಹೆಂಡತಿ ಸುಷ್ಮಾ ಅಂಗಡಿ ಗುಡಿಸುವಾಗ, "ಈ ಡಬ್ಬಿಲಿ ಎಂತ ಉಂಟು?" ಎಂದು ಕೇಳಿದ್ದಕ್ಕೆ, "ನಿಂಗೆಂತಕ್ಕೆ ಅದು?" ಎಂದು ಹರಿಹಾಯ್ದ. ಮೂವತ್ತು ವರ್ಷದ ಸಂಸಾರದಲ್ಲಿ ಡಬ್ಬಿಯ ವಿಷಯಕ್ಕೆ ಬೈಸಿಕೊಂಡದ್ದು ಇದೇ ಮೊದಲು ಎಂದು ಅವಳು ಎರಡು ದಿನ ಮಾತು ಬಿಟ್ಟಳು. ಎಂಟು ತಿಂಗಳು ಹೀಗೆಯೇ ಹೋಯಿತು. ಹೊನ್ನಾವರದ ಬಸ್ಸು ದಿನಕ್ಕೆ ನಲವತ್ತು ಸಲ ಅವನ ಅಂಗಡಿಯ ಮುಂದೆಯೇ ಹಾದು ಹೋಗುತ್ತಿತ್ತು.

ಕಳೆದ ಕಾರ್ತಿಕದಲ್ಲಿ ಸುಚಿತಾ ಅಂಗಡಿಗೆ ಬಂದಳು. ಬ್ಯಾಂಕಿನ ಹೆಂಗಸರ ಭಜನೆಯ ಪೆಟ್ಟಿಗೆಯೊಂದನ್ನು ತಂದಿದ್ದಳು. ಅತ್ತೆ ಹೇಗಿದ್ದಾರೆ ಎಂದು ಅವನು ಕೇಳಬೇಕಾಗಿ ಬಂತು, ಕೇಳದಿದ್ದರೆ ಚೆನ್ನಾಗಿರುವುದಿಲ್ಲವಲ್ಲ.

"ಅತ್ತೆ ಪಿಯಾನೋ ಬಿಟ್ಟು ವರ್ಷ ಆತು," ಎಂದಳು ಸುಚಿತಾ. "ಬಾರಿಸಿದ್ದೆಲ್ಲ ಕಲಸಿ ಕೇಳ್ತದೆ ಅಂತ ಹೇಳ್ತಿದ್ರು. ಕಿವಿ ಡಾಕ್ಟ್ರು ನೋಡಿ ಕಿವಿ ಸರಿ ಇದೆ ಅಂದ್ರು. ಆಗ ಅವ್ರಿಗೆ ಮತ್ತೂ ಹೆದರಿಕೆ ಆತು. ಅವರ ಅಮ್ಮಂಗೆ ಕೊನೆಗೆ ಮಕ್ಕಳ ಗುರ್ತ ಸಹಿತ ಹತ್ತತಿರ್ಲಿಲ್ಲ. ನಂಗೂ ಅದೇ ಶುರು ಆತು ಅಂತ ಮತ್ತೊಬ್ರು ಡಾಕ್ಟ್ರ ಹತ್ರ ಹೋಗಿ ಹಟ ಮಾಡಿ ಮರೆವಿನ ಮಾತ್ರೆ ಬರೆಸ್ಕಂಡು ಬಂದ್ರು. ಅದು ತಗಂಡ್ರೆ ತಲೆ ತಿರುಗ್ತದೆ, ಊಟ ಸೇರೂದಿಲ್ಲ. ಬಿಡಿ ಅಂದ್ರೆ ಕೇಳೂದಿಲ್ಲ."

"ನಿಮ್ಗೂ ಹಾಂಗೇ ಕೇಳ್ತದ್ಯಾ, ಕಲಸಿ?" ಎಂದ ಮಾಬ್ಲೇಶ್ವರ.

"ನಂಗೆ ಪಿಯಾನೋನೂ ಒಂದೇ, ಮಿಕ್ಸರೂ ಒಂದೇ," ಎಂದು ಅವಳು ನಕ್ಕಳು. "ಈಗ ಅದನ್ನ ಕೊಟ್ಟುಬಿಡ್ತಾರಂತೆ. ಭಟ್ಕಳದಿಂದ ಹಳೇ ಸಾಮಾನಿನ ವ್ಯಾಪಾರಿ ಬಂದು ನೋಡ್ಕಂಡು ಹೋದ. ಬರೋ ಸೋಮವಾರ ಟೆಂಪೋ ತರ್ತಾನೆ. ಕಣ್ಣೆದುರಿಗೆ ಇದ್ರೆ ಸಂಕಟ ಆಗ್ತದೆ ಅಂತಾರೆ."

ಅಂದು ಮಂಗಳವಾರ. ಸುಚಿತಾ ಹೋದಮೇಲೆ ಮಾಬ್ಲೇಶ್ವರ ಅಂಗಡಿಯ ಬಾಗಿಲು ಅರ್ಧ ಎಳೆದು ಕೂತ. ತಾನು ತಮಾಷೆಗೆ ಆಡಿದ ಒಂದು ಮಾತು ಆ ಹೆಂಗಸನ್ನು ಡಾಕ್ಟರ ಬಾಗಿಲಿಗೆ ಅಲೆಸಿತ್ತು, ಮಾತ್ರೆ ನುಂಗಿಸಿತ್ತು, ತನ್ನ ತಲೆಯನ್ನೇ ನಂಬದಂತೆ ಮಾಡಿತ್ತು. ಅವನಿಗೆ ಅಳು ಬಂತು. ಅತ್ತ. ಆದರೆ ಅಳುತ್ತಲೇ ಅವನ ಬುದ್ಧಿ ಇನ್ನೊಂದು ದಾರಿ ಹುಡುಕಿತು: ಯಾರಿಗೂ ಹೇಳದೆ ಸರಿ ಮಾಡಿಬಿಟ್ಟರೆ? ಪಿಯಾನೋ ಸರಿಯಾದರೆ ಎಲ್ಲವೂ ಸರಿಯಾಯಿತಲ್ಲ. ಕೂಡಲೇ ಟೀಚರಿಗೆ ಫೋನ್ ಮಾಡಿದ. "ಕೊಡೂಕೆ ಮೊದ್ಲು ಒಂದ್ಸಲ ಧೂಳು ಹೊಡೆದು ಕೊಡ್ತೆ ಅಮ್ಮ. ಕೊಳಕು ಪೆಟ್ಟಿಗೆ ಮನೆಯಿಂದ ಆಚೆ ಹೋಗೂದು ಬೇಡ," ಎಂದ. ಟೀಚರು ಒಪ್ಪಿದರು.

ಡಬ್ಬಿ ತೆರೆದು ಎರಡು ದಿನ ಅಂಗಡಿಯಲ್ಲೇ ಕೆಲಸ ಮಾಡಿದ. ಹುಳ ತಿಂದ ಹಳೆಯ ಫೆಲ್ಟನ್ನು ಬಿಸಿನೀರಿನ ಹಬೆ ಹಿಡಿದು ಎಬ್ಬಿಸಿದ. ಮುರಿದ ಐದಕ್ಕೆ ಸಾಗುವಾನಿಯಲ್ಲಿ ಅದೇ ಅಳತೆಯ ಹೊಸ ಕಡ್ಡಿ ಕೊರೆದ. ತುಕ್ಕು ಹಿಡಿದ ಕೀಲು ತೆಗೆದು ಹಿತ್ತಾಳೆಯ ಸೂಜಿ ಹಾಕಿದ, ತೂತಿನ ಒಳಗೆ ಬಟ್ಟೆ ಸುತ್ತಿದ. ಹೊಸ ಫೆಲ್ಟನ್ನು ಬ್ಲೇಡಿನಿಂದ ಕತ್ತರಿಸುವಾಗ ಒಂದೊಂದನ್ನೂ ಮೂರು ಸಲ ಅಳೆದ. ಎಂಟು ತಿಂಗಳು ಬಿಚ್ಚಲಾಗದ ಕಟ್ಟು ಅದು. ಬಿಚ್ಚಿದಮೇಲೆ ನೋಡಿದರೆ ಎರಡು ದಿನದ ಕೆಲಸ. ಇದೇ ಅವನನ್ನು ಹೆಚ್ಚು ಸುಟ್ಟಿತು.

ಶುಕ್ರವಾರ, ಶನಿವಾರ ಹೊನ್ನಾವರಕ್ಕೆ ಹೋಗಿ ಅವನ್ನು ಕೂರಿಸಿದ. ಡ್ಯಾಂಪರ್ ಕೂರಿಸುವುದು ನಾಜೂಕು ಕೆಲಸ. ಒಂದು ಮನೆಗೆ ಮೂರು ತಂತಿ; ಫೆಲ್ಟ್ ಮೂರನ್ನೂ ಒಂದೇ ಸಮ ಮುಟ್ಟಬೇಕು. ಎರಡನ್ನು ಮುಟ್ಟಿ ಒಂದನ್ನು ಬಿಟ್ಟರೆ ಆ ಒಂದು ತಂತಿ ತಾನೊಂದೇ ಗುನುಗುತ್ತಾ ಉಳಿಯುತ್ತದೆ. ಟೀಚರು ಪಕ್ಕದ ಕೋಣೆಯಲ್ಲಿ ಕೂತು ಕೊತ್ತಂಬರಿ ಸೋಸುತ್ತಿದ್ದರು. ಮೊದಲಿಗಿಂತ ಇಳಿದು ಹೋಗಿದ್ದರು. ಮಾಬ್ಲೇಶ್ವರ ಅವರಿಗೆ ಕಾಣದಂತೆ ಬೆನ್ನು ತಿರುಗಿಸಿಯೇ ಕೆಲಸ ಮಾಡಿದ.

ಶನಿವಾರ ಟೀಚರು ಅಲ್ಲಿಂದಲೇ ಮಾತು ತೆಗೆದರು. "ಧಾರೇಶ್ವರದಿಂದ ಧನ್ಯಾ ಅಂತ ಒಂದು ಹುಡುಗಿ ಬತ್ತಿತ್ತು. ಹತ್ತು ವರ್ಷದ್ದು. ಬೆರಳು ಬಂಗಾರ. ನೀನು ರಿಪೇರಿ ಮಾಡಿ ಹೋದ್ಮೇಲೆ ಒಂದಿನ ಬಾರಿಸ್ತಾ ಇತ್ತು, ಎಲ್ಲಾ ಕಲಸಿ ಕೇಳ್ತು. ಪೆಡಲ್ ಒತ್ಕಂಡೇ ಬಾರಿಸಿದ್ರೆ ನಾದ ನಿಲ್ದೇ ಹಾಂಗಾಗೂದು. ಕಾಲು ತೆಗಿ ಅಂದೆ. ಒತ್ತಿಲ್ಲ ಟೀಚರ್ ಅಂತು. ಸುಳ್ಳು ಹೇಳ್ತ್ಯಾ ಅಂತ ಕಾಲಿನ ಮೇಲೆ ಸ್ಕೇಲಿಂದ ಹೊಡೆದೆ, ಎಲ್ಲಾ ಮಕ್ಕಳ ಮುಂದೆ. ಮರುದಿನದಿಂದ ಬರ್ಲೇ ಇಲ್ಲ. ಆಮೇಲೆ ನಂಗೇ ಹಾಂಗೆ ಕೇಳೂಕೆ ಶುರುವಾತು. ನಾನೂ ಗೊತ್ತಿಲ್ದೇ ಪೆಡಲ್ ಒತ್ತತ್ನೇನೋ, ಆ ಹುಡುಗಿನೂ ಹಾಂಗೇ ಗೊತ್ತಿಲ್ದೇ ಒತ್ತಿತ್ತೇನೋ ಅಂತ ಸಮಾಧಾನ ಮಾಡ್ಕಂಡೆ."

ಮಾಬ್ಲೇಶ್ವರನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಜಾರಿ ಪಿಯಾನೋದ ಒಳಗೆ ಬಿತ್ತು. ತಂತಿಗಳೆಲ್ಲ ಒಮ್ಮೆಲೇ ನಡುಗಿದವು. ಅದನ್ನು ಹುಡುಕಿ ತೆಗೆಯುವ ನೆಪದಲ್ಲಿ ಅವನು ಬಹಳ ಹೊತ್ತು ಬಗ್ಗಿಯೇ ಇದ್ದ. ಒಬ್ಬರಿಗೆ ಮಾಡಿದ ಅನ್ಯಾಯ ಎಂದುಕೊಂಡದ್ದು ಇಬ್ಬರಿಗಾಗಿತ್ತು. ಆದರೂ ಬಾಯಿ ಬಿಡಲಿಲ್ಲ. ಇಪ್ಪತ್ತೆರಡನೆಯ ಡ್ಯಾಂಪರ್ ಕೂರಿಸಿ, ಹಲಗೆ ಮುಚ್ಚಿ, "ಒಂದ್ಸಲ ಬಾರಿಸಿ ನೋಡಿ ಅಮ್ಮ, ಕೊಡೂಕೆ ಮೊದ್ಲು," ಎಂದ.

ಟೀಚರು ಬೇಡವೆಂದರು. ಎರಡು ಸಲ ಹೇಳಿದಮೇಲೆ ಬಂದು ಕೂತರು. ಒಂದು ಮನೆ ಒತ್ತಿ ಬಿಟ್ಟರು. ನಾದ ಬಂತು, ನಿಂತಿತು. ಮತ್ತೊಂದು. ಅದೂ ನಿಂತಿತು. ಆಮೇಲೆ ಎರಡೂ ಕೈ ಇಟ್ಟರು. ಸ್ವರಗಳು ಬಿಡಿಬಿಡಿಯಾಗಿ, ಒಂದು ಹೋಗಿ ಇನ್ನೊಂದಕ್ಕೆ ಜಾಗ ಕೊಟ್ಟು ಬಂದವು. ವರ್ಷವಿಡೀ ಮುಟ್ಟದ ಬೆರಳುಗಳು ಅಲ್ಲಲ್ಲಿ ಎಡವಿದವು. ಎಡವಿದ್ದೂ ಸ್ಪಷ್ಟವಾಗಿ ಕೇಳಿತು. ಮಾಬ್ಲೇಶ್ವರನ ಎದೆಯಿಂದ ಭಾರ ಇಳಿದಂತಾಯಿತು. ಗೆದ್ದೆ ಎಂದುಕೊಂಡ. ಇನ್ನು ಸಾಮಾನು ಚೀಲಕ್ಕೆ ತುಂಬಿ ಹೊರಡುವುದಷ್ಟೇ ಬಾಕಿ.

"ಸುಚಿತಾ! ಏ ಸುಚಿತಾ, ಬಾರೆ ಇಲ್ಲಿ!" ಟೀಚರು ಕೂಗಿದರು. ಅಳುತ್ತಿದ್ದರು, ನಗುತ್ತಲೂ ಇದ್ದರು, ಬಾಯಿಗೆ ಮನೆಮಾತೇ ಬಂದಿತ್ತು. "ಎಲ್ಲಾ ಬಿಡಿಬಿಡಿ ಕೇಳ್ತಾ ಇದ್ದು! ಯನ್ನ ತಲೆ ಸರಿ ಆತೇ! ಔಷಧ ಹಿಡೀತು ಕಾಣ್ತು. ಡಾಕ್ಟ್ರು ಸಂಶಯ ಅಂದಿದ್ರು, ಆನೇ ಹಟ ಮಾಡಿ ತಗಂಡೆ. ಇನ್ನು ಜೀವ ಇಪ್ಪಲ್ಲಿವರೆಗೆ ಆ ಮಾತ್ರೆ ಬಿಡ್ತ್ನಿಲ್ಲೆ!"

ಸುಚಿತಾ ಅಡುಗೆ ಮನೆಯಿಂದ ಓಡಿ ಬಂದು ಅತ್ತೆಯನ್ನು ಹಿಡಿದುಕೊಂಡಳು. ಟೀಚರು ಅವಳ ಭುಜ ಹಿಡಿದು ಏಳಲು ಹೋಗಿ, ತಲೆ ತಿರುಗಿ ಮತ್ತೆ ಕೂತರು. ಮಾಬ್ಲೇಶ್ವರ ನೋಡುತ್ತಾ ನಿಂತ. ಸುಮ್ಮನಿದ್ದರೆ ಇವರು ಸಾಯುವವರೆಗೆ ಆ ಮಾತ್ರೆ ನುಂಗುತ್ತಾರೆ. ಪಿಯಾನೋ ಸರಿಯಾದರೆ ಎಲ್ಲ ಸರಿಯಾಗುತ್ತದೆ ಎಂದು ಲೆಕ್ಕ ಹಾಕಿದ್ದನಲ್ಲ, ಆ ಲೆಕ್ಕ ಅವನ ಕಣ್ಣೆದುರೇ ತಲೆಕೆಳಗಾಗಿತ್ತು.

"ಮಾತ್ರೆ ಅಲ್ಲ ಅಮ್ಮ," ಎಂದ.

ಇಬ್ಬರೂ ತಿರುಗಿ ನೋಡಿದರು. ಅವನು ನಿಂತಲ್ಲೇ ನಿಂತು ಎಲ್ಲವನ್ನೂ ಹೇಳಿದ. ಐದು ಮುರಿದದ್ದು, ಇಪ್ಪತ್ತೆರಡು ತೆಗೆದದ್ದು, ಗಿರಾಕಿಗಳ ಮುಂದೆ ನಕ್ಕದ್ದು, ವಿಡಿಯೋ ನೋಡಿ ಗೊತ್ತಾದದ್ದು, ಫೆಲ್ಟ್ ತರಿಸಿ ಎಂಟು ತಿಂಗಳು ಕಪಾಟಿನಲ್ಲಿಟ್ಟದ್ದು. "ನಿಮ್ಮ ಕಿವಿಗೂ ಎಂತ ಆಗ್ಲಿಲ್ಲ, ತಲೆಗೂ ಎಂತ ಆಗ್ಲಿಲ್ಲ. ಎಲ್ಲಾ ನಾ ಮಾಡಿದ್ದು. ನಂಗೆ ಆ ಕೆಲ್ಸ ಬತ್ತಿರ್ಲಿಲ್ಲ." ಮೂವತ್ತಾರು ವರ್ಷಗಳಲ್ಲಿ ಆ ಮಾತು ಮೊದಲ ಸಲ ಬಂತು.

ಸುಚಿತಾಳ ಮುಖ ಕೆಂಪಾಯಿತು. "ನಿಮ್ಗೆ ಮನುಷ್ಯತ್ವ ಅನ್ನೂದು ಉಂಟಾ?" ಎಂದು ಶುರು ಮಾಡಿದವಳನ್ನು ಟೀಚರು ಕೈಯೆತ್ತಿ ನಿಲ್ಲಿಸಿದರು. ಬೈಗುಳಕ್ಕೆ ಮಾಬ್ಲೇಶ್ವರ ತಯಾರಾಗಿದ್ದ, ಬೈದರೆ ಒಳ್ಳೆಯದಿತ್ತು. ಟೀಚರು ಅವನನ್ನು ನೋಡಲೇ ಇಲ್ಲ. ಪಿಯಾನೋದ ಕೆಳಗಿನ ಹಿತ್ತಾಳೆಯ ಪೆಡಲನ್ನೇ ನೋಡುತ್ತಿದ್ದರು.

"ಹಂಗಾರೆ ಧನ್ಯಾ ಒತ್ತಿರ್ಲಿಲ್ಲ," ಎಂದರು.

"ಇಲ್ಲ ಅಮ್ಮ."

"ಅದು ಖರೇ ಹೇಳಿತ್ತು."

"ಹೌದು."

ಟೀಚರು ಸೆರಗಿನಿಂದ ಮುಖ ಒರೆಸಿಕೊಂಡರು. "ನಾಳೆ ಬೆಳಿಗ್ಗೆ ಧಾರೇಶ್ವರಕ್ಕೆ ಹೋಪನ. ಸುಚಿತಾ, ಕಾರು ತೆಗಿ. ಮಾಬ್ಲೇಶ್ವರ, ನೀನು ಅಲ್ಲಿ ದೇವಸ್ಥಾನದ ಹತ್ರ ಬಂದು ನಿಂತಿರು."

ಭಾನುವಾರ ಮಾಬ್ಲೇಶ್ವರ ಅವರಿಗಿಂತ ಅರ್ಧ ತಾಸು ಮುಂಚೆಯೇ ಹೋಗಿ ನಿಂತಿದ್ದ. ಅವರು ಬರದಿದ್ದರೆ ಸಾಕು ಎಂದು ಒಂದು ಮನಸ್ಸು ಬೇಡಿಕೊಳ್ಳುತ್ತಿತ್ತು. ಕಾರು ಬಂತು. ಧನ್ಯಾಳ ಮನೆ ಅಲ್ಲಿಂದ ಎರಡು ನಿಮಿಷದ ದಾರಿ. ಹುಡುಗಿ ಅಂಗಳದಲ್ಲಿ ಸೈಕಲ್ ತೊಳೆಯುತ್ತಿತ್ತು. ಹನ್ನೆರಡು ವರ್ಷ, ಉದ್ದಕ್ಕೆ ಬೆಳೆದಿತ್ತು. ಟೀಚರನ್ನು ಕಂಡದ್ದೇ ಎದ್ದು ನಿಂತು, ಒದ್ದೆ ಕೈ ಹಿಂದಕ್ಕೆ ಮುಚ್ಚಿಕೊಂಡಿತು. ತಾಯಿ ಒಳಗಿಂದ ಬಂದು ಬನ್ನಿ ಬನ್ನಿ ಎಂದರೂ ಟೀಚರು ಜಗಲಿ ಹತ್ತಲಿಲ್ಲ.

"ಧನ್ಯಾ, ಅವತ್ತು ನೀ ಪೆಡಲ್ ಒತ್ತಿರ್ಲಿಲ್ಲ. ನಾ ನಿನ್ನ ನಂಬದೇ ಹೊಡೆದೆ. ತಪ್ಪಾತು ಮಗಾ," ಎಂದರು.

ಹುಡುಗಿ ತಾಯಿಯ ಮುಖ ನೋಡಿತು, ಟೀಚರ ಮುಖ ನೋಡಿತು. "ನಾನು ಒತ್ತಿದ್ದೆ ಅಂತ್ಲೇ ಅಂದ್ಕಂಡಿದ್ದೆ ಟೀಚರ್," ಎಂದಿತು ಮೆಲ್ಲಗೆ. "ನೀವು ಅಷ್ಟು ಖಡಾಖಂಡಿತ ಹೇಳಿದ್ರಲ್ಲ. ನಂಗೇ ಗೊತ್ತಾಗ್ದೇ ನನ್ನ ಕಾಲು ಒತ್ತಿರ್ಬೇಕು ಅಂತ."

ಕಾರಿನ ಬಳಿ ನಿಂತಿದ್ದ ಮಾಬ್ಲೇಶ್ವರ ತಾನಾಗಿಯೇ ಮುಂದೆ ಬಂದ. ಯಾರೂ ಕರೆದಿರಲಿಲ್ಲ. ಹುಡುಗಿಯ ಎದುರು ಕುಕ್ಕರಗಾಲಲ್ಲಿ ಕೂತ.

"ನಿನ್ನ ಕಾಲು ಸರಿ ಇತ್ತು ಮಗಾ. ನಾನು ಪೆಟ್ಟಿಗೆ ರಿಪೇರಿ ಮಾಡೂನು. ನಾದ ನಿಲ್ಸೋ ಸಾಮಾನು ನಾನೇ ತೆಗೆದಿದ್ದೆ. ಟೀಚರು ಫೋನ್ ಮಾಡಿ ಕೇಳಿದ್ರೂ ಹೇಳಿರ್ಲಿಲ್ಲ."

"ಎಂತಕ್ಕೆ ಹೇಳ್ಲಿಲ್ಲ?"

ಹಿಂದಿನ ರಾತ್ರಿ ಕೂಡಿಟ್ಟುಕೊಂಡ ಉತ್ತರಗಳು ಅವನಲ್ಲಿ ನಾಲ್ಕೈದಿದ್ದವು. ಈ ಮುಖದ ಎದುರು ಅವನ್ನೆಲ್ಲ ಬಿಟ್ಟ. "ಹೆದರಿಕೆ ಆಗಿತ್ತು," ಎಂದ.

ಹುಡುಗಿ ಅವನನ್ನು ನೋಡಿತು. ಕೋಪವಿರಲಿಲ್ಲ, ನಿಜವಾಗಿಯೂ ಅರ್ಥವಾಗದೆ ನೋಡುತ್ತಿತ್ತು.

"ಅವತ್ತು ನಂಗೂ ಹೆದರಿಕೆ ಆಗಿತ್ತು," ಎಂದಿತು. "ಆದ್ರೂ ನಾ ಹೇಳಿದ್ದೆ."